ಪಾಳಿ ಪುಟ ಬದಲಾಯಿಸಿದವರು

೮ ಅಕ್ಟೋಬರ್ ೨೦೦೭, ಸೋಮವಾರ

ಮೂರು ವರ್ಷದಿಂದ ನಮ್ಮ ಸಕ್ಕರೆ ಕಾರ್ಖಾನೆಯ ವೆಬ್‌ಸೈಟು ಎಂದರೆ ನಾನು. ಪುಟ ಕಟ್ಟಿದವಳು ನಾನು, ಟೈಪು ಮಾಡಿದವಳು ನಾನು, ಕುಂಯ್ಯೆನ್ನುವ ಟೆಲಿಫೋನ್ ಲೈನಿನ ಮುಂದೆ ಕೂತು ಅದನ್ನು ಮೇಲೆ ಕಳಿಸಿದವಳೂ ನಾನೇ. ಯಾವ ರೈತನ ಕಬ್ಬು ಯಾವಾಗ ಕಡಿಯಬೇಕು ಎನ್ನುವ ಕಡಿತದ ಪಾಳಿ ನನ್ನ ಕೈ ದಾಟದೆ ಗೇಟಿನ ನೋಟಿಸ್ ಬೋರ್ಡಿಗೆ ಹೋದದ್ದಿಲ್ಲ. ಒಂದು ಅಂಕಿ ತಿದ್ದಬೇಕಾದರೂ "ಮಯೂರಿ ಮೇಡಂ, ಮಯೂರಿ ಮೇಡಂ" ಎಂದು ಎಲ್ಲರೂ ನನ್ನ ಟೇಬಲ್ಲಿಗೇ ಬರಬೇಕಿತ್ತು. ಬರಲಿ ಎಂದೇ ನಾನೂ ಕೂತಿರುತ್ತಿದ್ದೆ.

ಇವತ್ತು ಬೆಳಗಾವಿಯಿಂದ ತೇಜಸ ಎಂಬ ಇಂಜಿನಿಯರ್ ಬಂದು ಹೊಸ ವ್ಯವಸ್ಥೆ ಕೂರಿಸಿದ. ಕಂಟೆಂಟ್ ಮ್ಯಾನೇಜ್‌ಮೆಂಟ್ ಸಿಸ್ಟಮ್ ಅಂತೆ, ಹೆಸರೇ ಮೂರು ಮೊಳ.

"ಮೇಡಂ, ನೀವು ಇಷ್ಟ ದಿನ ತಾಟಿನ್ಯಾಗ ಬಡಿಸಿ ತಾಟ ಸಮೇತ ಕಳಸ್ತಿದ್ರಿ. ಉಪ್ಪಿನಕಾಯಿ ಬದಲ ಮಾಡಾಕ ಇಡೀ ತಾಟ ವಾಪಸ್ ತರಬೇಕಿತ್ತು. ಇದರಾಗ ಅಡಗಿ ಬ್ಯಾರೆ ಡಬ್ಬಿನ್ಯಾಗ, ತಾಟ ಬ್ಯಾರೆ. ಯಾರ ಬಂದ ಕುಂತ್ರೂ ಆವಾಗ ಅದ ಬಡಿಸಿ ಕೊಡತೈತಿ" ಎಂದ.

ಅಂದರೆ ಅಕ್ಷರ, ಅಂಕಿಗಳೆಲ್ಲ ಒಂದು ಕಡೆ ಕೂಡಿಟ್ಟಿರುತ್ತವೆ. ಪುಟದ ಚಂದ ಇನ್ನೊಂದು ಕಡೆ. ಯಾರಾದರೂ ಪುಟ ತೆರೆದರೆ ಎರಡನ್ನೂ ಜೋಡಿಸಿ ತೋರಿಸುತ್ತದೆ. ಬರೆಯುವವರಿಗೆ ಒಂದು ಖಾಲಿ ಫಾರಂ ಸಿಗುತ್ತದೆ, ತುಂಬಿ ಒತ್ತಿದರೆ ಮುಗಿಯಿತು. ಪುಟ ಕಟ್ಟುವ ವಿದ್ಯೆ ಯಾರಿಗೂ ಬೇಡ. ಹಾಗಾದರೆ ಬಡಿಸುವವಳು ಯಾತಕ್ಕೆ ಬೇಕು ಎಂದು ಯಾರೂ ಕೇಳಲಿಲ್ಲ.

ಹಳ್ಳಿ ತಿರುಗಿ ಕಬ್ಬಿನ ನೋಂದಣಿ ಬರೆಯುವ ಹನ್ನೊಂದು ಜನ ಫೀಲ್ಡ್‌ಮನ್‌ಗಳಿಗೂ ಒಂದೊಂದು ಹೆಸರು, ಪಾಸ್‌ವರ್ಡು ಕೊಟ್ಟರು. ಕಣಗಲಾದ ಆ ಯಲ್ಲಾಲಿಂಗ ಮೌಸು ಮುಟ್ಟುವ ಮೊದಲು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ತುಕ್ಕಾನಟ್ಟಿಯ ದುರ್ಗಪ್ಪನಿಗೆ ಸ್ಪೇಸ್ ಬಾರ್ ಯಾವುದೆಂದು ನಾಲ್ಕು ಸಲ ತೋರಿಸಬೇಕಾಯಿತು. ಇಂಥವರ ಕೈಗೆ ನನ್ನ ಪುಟ! ಒಂದೇ ಸಮಾಧಾನ, ಅವರು ಬರೆದಿಡಬಹುದು ಅಷ್ಟೇ. ಪ್ರಕಟಿಸುವ ಬಟನ್ನು ನಾಲ್ಕೈದು ಮಂದಿ ಅಧಿಕಾರಿಗಳ ಹತ್ತಿರ ಮಾತ್ರ ಇದೆ. ಯಾರಿಗೆ ಎಷ್ಟು ಅಧಿಕಾರ ಎಂದು ನಿಶ್ಚಯಿಸುವ ಬೀಗದ ಕೈ ನನ್ನೊಬ್ಬಳದು.

೧೭ ಅಕ್ಟೋಬರ್, ಬುಧವಾರ

ಬೈದುಕೊಂಡು ಶುರು ಮಾಡಿದೆ, ಆದರೆ ಖರೆ ಹೇಳಬೇಕೆಂದರೆ ವಸ್ತು ಚಲೋ ಇದೆ. ಕಾರ್ಖಾನೆಯ ಫೋನ್ ನಂಬರು ಬದಲಾಯಿತು. ಮೊದಲಾಗಿದ್ದರೆ ಅರವತ್ತೆರಡು ಪುಟ ತೆರೆದು ಅರವತ್ತೆರಡು ಸಲ ತಿದ್ದಿ ಬೆನ್ನು ಹಿಡಿದುಕೊಳ್ಳುತ್ತಿದ್ದೆ. ಇವತ್ತು ಒಂದು ಕಡೆ ತಿದ್ದಿದೆ, ಎಲ್ಲ ಪುಟದಲ್ಲೂ ಬದಲಾಯಿತು. ನಾನೇ ಬಾಯಿ ಬಿಟ್ಟುಕೊಂಡು ನೋಡಿದೆ.

ಧರಣೇಂದ್ರ ಕಾಕಾ ಹಿಂದೆ ನಿಂತು ನೋಡುತ್ತಿದ್ದರು. ಕಾಕಾ ಅಪ್ಪನ ಚಿಕ್ಕಪ್ಪನ ಮಗ, ಕಬ್ಬು ವಿಭಾಗದ ಮುಖ್ಯಸ್ಥರು. ಅಪ್ಪ ತೀರಿಹೋದ ಮೇಲೆ ನನಗೆ ಈ ನೌಕರಿ ಕೊಡಿಸಿದವರು. "ಹೆಸರು ಮ್ಯಾಲ ಕೆಳಗ ಹ್ಯಾಂಗ ಮಾಡ್ತೀ, ತೋರಿಸು" ಎಂದರು. ತೋರಿಸಿದೆ. "ನಮ್ಮಂಥಾ ಮುದುಕರಿಗೆ ಇದೆಲ್ಲ ಎಲ್ಲಿ ಬರಬೇಕವ್ವಾ" ಎಂದು ನಕ್ಕರು.

ಒಂದು ಕಿರಿಕಿರಿ ಇತ್ತು. ಹತ್ತು ನಿಮಿಷ ಎದ್ದು ಹೋದರೆ ಯಂತ್ರ ನನ್ನನ್ನು ಹೊರಹಾಕಿ ಮತ್ತೆ ಪಾಸ್‌ವರ್ಡು ಕೇಳುತ್ತಿತ್ತು. ತೇಜಸನಿಗೆ ಫೋನು ಹಚ್ಚಿ ಅದನ್ನು ತೆಗೆಸಿದೆ. ಬೇಡ ಮೇಡಂ ಎಂದು ಮೂರು ಸಲ ಹೇಳಿದ, ನಾನು ಕೇಳಬೇಕಲ್ಲ.

೧ ನವೆಂಬರ್, ಗುರುವಾರ

ಕಬ್ಬು ನುರಿಸುವ ಹಂಗಾಮು ಶುರು. ಎಂ.ಡಿ. ಸಾಹೇಬರು ಬಟನ್ ಒತ್ತಿ ಪಾಳಿ ಪುಟ ಪ್ರಕಟಿಸಿದರು, ಫೋಟೋ ತೆಗೆದರು, ಪೇಢೆ ಹಂಚಿದರು. ಇನ್ನು ರೈತರು ಬಸ್ಸು ಹತ್ತಿ ಕಾರ್ಖಾನೆ ಗೇಟಿಗೆ ಬಂದು ನೋಟಿಸ್ ಬೋರ್ಡು ನೋಡಬೇಕಾಗಿಲ್ಲ. ಘಟಪ್ರಭಾದಲ್ಲೋ ಮೂಡಲಗಿಯಲ್ಲೋ ನೆಟ್ ಸೆಂಟರಿಗೆ ಹೋದರೆ ತಮ್ಮ ನಂಬರು ಸಿಗುತ್ತದೆ. ನೋಂದಣಿ ಮೊದಲಾದವರ ಕಬ್ಬು ಮೊದಲು, ಅಷ್ಟೇ ಲೆಕ್ಕ.

ದುರ್ಗಪ್ಪ ಮೂಡಲಗಿಯಿಂದ ತನ್ನ ಯಾದಿ ಬರೆದು ಕಳಿಸಿದ್ದ. ಮೂರು ಸಲ ತಿರುಗಿ ಕಳಿಸಿದೆ. ಒಂದು ಕಡೆ ಎಕರೆ ಜಾಗದಲ್ಲಿ ತಾರೀಖು ಹಾಕಿದ್ದ ಮಹಾಶಯ. ಫೋನಿನಲ್ಲಿ ಬಾಯಿಗೆ ಬಂದಂತೆ ಅಂದೆ. "ಕಲೀತೇನ್ರಿ ಅಕ್ಕಾರ" ಎಂದ. ಕಲಿಯಲಿ.

೯ ನವೆಂಬರ್, ಶುಕ್ರವಾರ

ಲಕ್ಷ್ಮಿ ಪೂಜೆ. ಪ್ರತಿ ವರ್ಷ ಪಾಳಿಯ ರಿಜಿಸ್ಟರನ್ನು ದೇವಿಯ ಮುಂದೆ ತೆರೆದಿಟ್ಟು ಅರಿಶಿನ ಕುಂಕುಮ ಹಚ್ಚುತ್ತಿದ್ದೆವು. ಈ ವರ್ಷ ರಿಜಿಸ್ಟರೇ ಇಲ್ಲ. "ಈಗ ನಮ್ಮ ವಹಿ ಅಂದ್ರ ಅದ ಅಲ್ಲೇನು? ಪಾಳಿ ಪುಟ ತಗದ ಇಡು" ಎಂದರು ಕಾಕಾ. ನನ್ನ ಕಂಪ್ಯೂಟರಿಗೆ ಚೆಂಡು ಹೂವಿನ ಮಾಲೆ ಹಾಕಿ, ಎರಡೂ ಬಾಜೂ ಕಬ್ಬಿನ ಗಳ ನಿಲ್ಲಿಸಿ, ಪರದೆಯ ಮೇಲೆ ಪಾಳಿ ಪುಟ ತೆರೆದಿಟ್ಟೆ. ಬಹಳ ಚಂದ ಕಂಡಿತು.

ಆರತಿ ಆದ ಮೇಲೆ ಬಂದ್ ಮಾಡಲು ಕೈ ಚಾಚಿದರೆ ಕಾಕಾ ತಡೆದರು. "ಏ ಹುಚ್ಚಿ, ಇವತ್ತ ಲಕ್ಷ್ಮಿ ಮುಂದಿನ ಬೆಳಕ ಆರಸ್ತಾರೇನು? ಮುಂಜಾನಿ ತನಕ ಇರಲಿ. ದೀಪಕ್ಕ ಎಣ್ಣಿ ಹಾಕ್ಕೋಂತ ನಾ ಇಲ್ಲೇ ಕುಂಡರ್ತೇನಿ, ನೀ ನಡಿ."

ನಾಲ್ಕೂವರೆ ಬಸ್ಸಿಗೆ ಘಟಪ್ರಭಾಕ್ಕೆ ಬಂದೆ. ಜೈನರ ಮನೆ ನಮ್ಮದು, ಹೊತ್ತು ಮುಳುಗುವುದರೊಳಗೆ ಊಟ ಮುಗಿಯದಿದ್ದರೆ ಅವ್ವನಿಗೆ ಸಮಾಧಾನವಿಲ್ಲ. ಹೋಳಿಗೆ ತಿಂದು ಹೊಟ್ಟೆ ಭಾರ, ಬರೆಯಲು ಬೇಸರ.

೧೨ ನವೆಂಬರ್, ಸೋಮವಾರ

ಬಾಗಿಲು ತೆರೆಯುವ ಮೊದಲೇ ಒಬ್ಬ ಹೆಂಗಸು ನಿಂತಿದ್ದಳು. ತುಕ್ಕಾನಟ್ಟಿಯ ಶಂಕ್ರವ್ವ. ಅರವತ್ತು ದಾಟಿರಬೇಕು, ಬೆನ್ನು ಕೋಲಿನಂತೆ ನೆಟ್ಟಗೆ. ಎರಡು ಕಾಗದ ನನ್ನ ಟೇಬಲ್ಲಿನ ಮೇಲೆ ಹಾಸಿದಳು. ಮೂಡಲಗಿಯ ನೆಟ್ ಸೆಂಟರಿನಲ್ಲಿ ತೆಗೆಸಿದ ಪಾಳಿ ಪುಟ. ಒಂದು ಐದನೇ ತಾರೀಖಿನದು, ಅದರಲ್ಲಿ ಅವಳ ನಂಬರು ಒಂಬತ್ತು. ಇನ್ನೊಂದು ನಿನ್ನೆಯದು, ಅದರಲ್ಲಿ ಹದಿನೇಳು.

"ಯವ್ವಾ, ನೀ ಕಲಿತಾಕಿ. ಒಂಬತ್ತ ಹ್ಯಾಂಗ ಹದಿನೇಳ ಆಗತೈತಿ, ನನಗಟ ತಿಳಿಸಿ ಹೇಳು."

"ಪ್ರಿಂಟ್ ತಪ್ಪ ಬಂದಿರಬೇಕು" ಎಂದೆ, ತಲೆ ಎತ್ತದೆ.

"ಪ್ರಿಂಟ್ ತಪ್ಪಿದ್ರ ಎಂಟ ಮಂದಿ ಸಾಲ ಹಿಡದ ನನ್ನ ಮುಂದ ಬಂದ ಹ್ಯಾಂಗ ನಿಂತ್ರು? ಅರವತ್ತ ಎಕರೆ ಐತಿ ಅವರದು. ಅದ ಮುಗದ ನನ್ನ ಹೊಲಕ್ಕ ಕಬ್ಬ ಕಡಿಯೂ ಗ್ಯಾಂಗ್ ಬರೂದ್ರಾಗ ಸಂಕ್ರಾಂತಿ ದಾಟತೈತಿ. ನಂದು ಲಾವಣಿ ಹೊಲ, ಗುತ್ತಿಗಿ ಹಿಡದದ್ದು. ಡಿಸೆಂಬರ್ ಮೂವತ್ತೊಂದಕ್ಕ ಬಿಟ್ಟ ಕೊಡಬೇಕು. ನಿಂತ ಕಬ್ಬ ನಿಂತಂಗ ಹೊಲದವರ ಪಾಲು. ವರ್ಷಾನಗಟ್ಟಲೆ ನೀರ ಹಾಸಿದಾಕಿ ನಾನು!" ಆಮೇಲೆ ನನ್ನ ಮುಖವನ್ನೇ ನೋಡಿ, "ಎಷ್ಟ ತಗೊಂಡಿ?" ಎಂದಳು.

ಸಿಟ್ಟು ನೆತ್ತಿಗೇರಿತು. ಏನೇನೋ ಕೂಗಾಡಿದೆ. ಆಫೀಸು ಪೂರಾ ಕೆಲಸ ಬಿಟ್ಟು ನೋಡುತ್ತಿತ್ತು. ಅವಳು ಹೋದ ಮೇಲೆ ಪುಟ ತೆರೆದೆ. ಖರೆ, ಹದಿನೇಳು. ಮುಂದೆ ಬಂದ ಎಂಟೂ ಹೆಸರು ಒಬ್ಬ ಡೈರೆಕ್ಟರರ ಬೀಗರು, ಅಳಿಯಂದಿರದು.

೧೩ ನವೆಂಬರ್, ಮಂಗಳವಾರ

ಈ ವ್ಯವಸ್ಥೆ ಹಳೆಯದನ್ನು ಎಸೆಯುವುದಿಲ್ಲ. ಪ್ರತಿ ಸಲ ತಿದ್ದಿದಾಗಲೂ ಹಿಂದಿನ ಪ್ರತಿಯನ್ನು ಎತ್ತಿಡುತ್ತದೆ, ಯಾರು ತಿದ್ದಿದರು, ಎಷ್ಟು ಗಂಟೆಗೆ ಎಂದೂ ಬರೆದಿಡುತ್ತದೆ. ಆ ಕಳ್ಳ ಯಾವನಿದ್ದಾನೆ ನೋಡೇಬಿಡೋಣ ಎಂದು 'ಹಳೆಯ ಪ್ರತಿಗಳು' ಒತ್ತಿದೆ. ಆ ದುರ್ಗಪ್ಪನ ಹೆಸರೇ ಇರುತ್ತದೆ ಎಂದುಕೊಂಡಿದ್ದೆ.

೯ ನವೆಂಬರ್, ಸಂಜೆ ೬.೪೮. ಬದಲಾಯಿಸಿದವರು: ಮಯೂರಿ.

ನಾಲ್ಕು ಸಲ ಓದಿದೆ. ಆ ಹೊತ್ತಿಗೆ ನಾನು ಮನೆಯಲ್ಲಿ ಅವ್ವನ ಜೊತೆ ಕೂತಿದ್ದೆ. ಆದರೆ ಅವ್ವನ ಮಾತು ಯಾರು ನಂಬುತ್ತಾರೆ?

೧೪ ನವೆಂಬರ್, ಬುಧವಾರ

ಬಾಗಿಲು ಹಾಕಿಕೊಂಡು ಕಾಕಾನನ್ನು ಕೇಳಿದೆ. ಅಲ್ಲ ಎನ್ನುತ್ತಾರೆ ಎಂದು ಆಸೆ ಇತ್ತು. ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಒರೆಸಿದರು.

"ಡೈರೆಕ್ಟರರ ಫೋನ್ ಬಂತು. ಈಗಿಂದೀಗ ಮಾಡ ಅಂದ್ರು. ಪುಟ ಮುಂದ ತಗದ ಇತ್ತು. ನನ್ನ ರಿಟೈರ್ಮೆಂಟಿಗೆ ಎರಡ ವರ್ಷ ಐತಿ ಮಯೂರಿ."

"ನನ್ನ ಹೆಸರಾಗ ಮಾಡೀರಲ್ಲ ಕಾಕಾ!"

"ಯಾರ ಹೆಸರು ಬೀಳತೈತಿ ಅಂತ ನನಗೇನ ಗೊತ್ತು? ಬರದಿಡತೈತಿ ಅಂತ ಗೊತ್ತಿದ್ರ ಮುಟ್ಟತಿದ್ದಿಲ್ಲ."

ಬರೆದಿಡುತ್ತದೆ ಎಂಬುದಷ್ಟೇ ಅವರಿಗೆ ಬೇಜಾರು. ಅಪ್ಪ ಹೋದಾಗ ನಮ್ಮ ಮನೆಗೆ ಹನ್ನೆರಡು ದಿನ ಅಡಿಗೆ ಕಳಿಸಿದ ಮನುಷ್ಯ ಇವರು. ಬಾತ್‌ರೂಮಿಗೆ ಹೋಗಿ ಅತ್ತು ಬಂದೆ.

೧೬ ನವೆಂಬರ್, ಶುಕ್ರವಾರ

ಶಂಕ್ರವ್ವ ಬರೆಸಿದ ಅರ್ಜಿಗೆ ನಲವತ್ತು ಜನ ಹೆಬ್ಬೆಟ್ಟು, ಸಹಿ ಹಾಕಿದ್ದಾರೆ. ಸೋಮವಾರ ಹನ್ನೊಂದಕ್ಕೆ ಎಂ.ಡಿ. ಸಾಹೇಬರ ಮುಂದೆ ಚೌಕಶಿ, ಅಂದರೆ ವಿಚಾರಣೆ. ಕಾಕಾ ಎಂ.ಡಿ. ಸಾಹೇಬರ ಕೋಣೆಯಿಂದ ಬಂದು ನನ್ನ ಪಕ್ಕ ಕುರ್ಚಿ ಎಳೆದುಕೊಂಡರು.

"ಹಳೆ ಪ್ರತಿ ಅಷ್ಟೂ ಅಳಿಸಿಬಿಡು. ಅದು ಇಲ್ಲಾಂದ್ರ ನಿನ್ನ ಹೆಸರೂ ಇಲ್ಲ, ಯಾರ ಹೆಸರೂ ಇಲ್ಲ. ಯಂತ್ರದ ತಪ್ಪು ಅಂತ ಬರದ ಮುಗಸ್ತಾರ. ನಿನ್ನ ಪರ್ಮನೆಂಟ್ ಆರ್ಡರ್ ತಯಾರ ಐತಿ, ನಾ ಕಣ್ಣಾರೆ ನೋಡೇನಿ."

"ಶಂಕ್ರವ್ವನ ನಂಬರು?"

"ಅದು ಈಗಿದ್ದಂಗ ಇರತೈತಿ."

ಅಳಿಸುವ ಅಧಿಕಾರ ಇರುವುದು ನನಗೆ ಮತ್ತು ತೇಜಸನಿಗೆ ಮಾತ್ರ. ತೇಜಸನಿಗೆ ಹೇಳಿದರಂತೆ. ಎಂ.ಡಿ. ಸಹಿ ಮಾಡಿದ ಪತ್ರ ಕೊಡಿ, ಅಳಿಸುತ್ತೇನೆ ಎಂದನಂತೆ. ಪತ್ರ ಕೊಡಲು ಯಾರೂ ತಯಾರಿಲ್ಲ. ಅದಕ್ಕೇ ನನ್ನ ಹತ್ತಿರ ಬಂದಿದ್ದಾರೆ.

ಇಲ್ಲಿ ಸುಳ್ಳು ಬರೆದು ಏನು ಮಾಡಲಿ, ಪರ್ಮನೆಂಟ್ ಎಂದಾಗ ಆಸೆಯಾಯಿತು. ಶಂಕ್ರವ್ವ ನನಗೇನು ಸಂಬಂಧ? ನನ್ನನ್ನು ಲಂಚಗುಳಿ ಎಂದವಳು.

೧೭ ನವೆಂಬರ್, ಶನಿವಾರ

ಅಳಿಸುವ ಬಟನ್ ಒತ್ತಿದೆ. 'ಖಚಿತವೇ?' ಎಂದು ಕೇಳಿತು. ಅಷ್ಟರಲ್ಲಿ ಬಾಜೂ ಟೇಬಲ್ಲಿಗೆ ಫೋನ್ ಬಂತು, ಎದ್ದು ಹೋದೆ. ಬಂದು 'ಬೇಡ' ಒತ್ತಿದೆ. ಫೋನ್ ಬರದಿದ್ದರೆ ಏನು ಒತ್ತುತ್ತಿದ್ದೆ, ಗೊತ್ತಿಲ್ಲ.

೧೮ ನವೆಂಬರ್, ಭಾನುವಾರ

ಅವ್ವನಿಗೆ ಬಸದಿಗೆ ಹೋಗುತ್ತೇನೆ ಎಂದು ಹೇಳಿ ತುಕ್ಕಾನಟ್ಟಿಯ ಬಸ್ಸು ಹತ್ತಿದೆ. ಯಾಕೆ ಹೋದೆನೋ. ಆ ಹೆಂಗಸಿನ ಹೊಲ ನಿಜವಾಗಿ ಎಷ್ಟಿದೆ ನೋಡಬೇಕೆನಿಸಿತ್ತು, ಅಷ್ಟೇ.

ಬಸ್‌ಸ್ಟ್ಯಾಂಡಿನಲ್ಲೇ ದುರ್ಗಪ್ಪ ಸಿಕ್ಕ. ನನ್ನನ್ನು ನೋಡಿ ಗಾಬರಿಯಾದ. ಹೊಲ ತೋರಿಸಲು ಮುಂದೆ ನಡೆದ. ಚಹಾ ಅಂಗಡಿಯ ಮುಂದೆ ಕೂತವರು ಅವನನ್ನು ನೋಡಿ ಮುಖ ತಿರುಗಿಸಿದರು.

"ಏನಾಗೈತಿ ಇವರಿಗೆ?" ಎಂದೆ.

"ನಂಬರ್ ಬರಕೊಂಡ ಹೋದಾವ ನಾನಲ್ಲೇನ್ರಿ ಅಕ್ಕಾರ. ಪಾಳಿ ಮಾರ್ಕೊಂಡಾನ ಅಂತಾರ. ನೀವರ ಆಫೀಸಿನ್ಯಾಗ ಇರ್ತೀರಿ, ನಾ ಇದ ಊರಾಗ ಇರಬೇಕು. ಸಾಲ್ಯಾಗ ನನ್ನ ಮಗಳ ಬಾಜೂಕ ಯಾರೂ ಕುಂಡರ್ತಿಲ್ಲ."

ನನಗೆ ನನ್ನ ಹೆಸರಿನದೇ ಚಿಂತೆಯಾಗಿತ್ತು. ಇವನ ಹೆಸರು ಆರು ದಿನದಿಂದ ಬೀದಿಯಲ್ಲಿ ಬಿದ್ದಿದೆ ಎಂದು ನನಗೆ ಹೊಳೆದಿರಲೇ ಇಲ್ಲ. ನಾಚಿಕೆಯಾಯಿತು.

ಶಂಕ್ರವ್ವನ ಹೊಲ ಎರಡೂಕಾಲು ಎಕರೆ. ಕಬ್ಬು ಆಳಿನ ಎರಡರಷ್ಟು ಎತ್ತರ, ತುದಿಗೆ ಹೂವು ಬಿಟ್ಟಿದೆ. ಅವಳು ಬದುವಿನ ಮೇಲೆ ರವದಿ, ಕಬ್ಬಿನ ಒಣ ಎಲೆ, ಹೊರೆ ಕಟ್ಟುತ್ತಿದ್ದಳು. ಬೈಯುತ್ತಾಳೆ ಎಂದು ಕಾದೆ. "ನೋಡಾಕ ಬಂದೀ? ನೋಡು" ಎಂದಳು ಅಷ್ಟೇ. ಬಿಸಿಲಲ್ಲಿ ಬಂದಿದ್ದೇನೆಂದು ತಂಬಿಗೆಯಲ್ಲಿ ಮಜ್ಜಿಗೆ ಕೊಟ್ಟಳು. ಕುಡಿದೆ.

೧೯ ನವೆಂಬರ್, ಸೋಮವಾರ

ಎಂಟಕ್ಕೇ ಆಫೀಸಿಗೆ ಹೋದೆ. ಮೂರು ಕೆಲಸ ಮಾಡಿದೆ. ಅವಸರದಲ್ಲಿ ಪಾಸ್‌ವರ್ಡು ಎರಡು ಸಲ ತಪ್ಪಿತು.

ಐದನೇ ತಾರೀಖಿನ ಪ್ರತಿಯನ್ನು ಮರಳಿ ತಂದೆ. ಒಂದೇ ಬಟನ್. ಎಂಟು ಹೆಸರು ತಮ್ಮ ಜಾಗಕ್ಕೆ ಹೋದವು, ಶಂಕ್ರವ್ವ ಒಂಬತ್ತಕ್ಕೆ ಬಂದಳು. ಬದಲಾಯಿಸಿದವರು: ಮಯೂರಿ. ಈ ಸಲ ನಾನೇ.

ಹನ್ನೊಂದು ಜನ ಫೀಲ್ಡ್‌ಮನ್‌ಗಳಿಗೂ ಪ್ರಕಟಿಸುವ ಅಧಿಕಾರ ಕೊಟ್ಟೆ.

ಪಾಳಿ ಪುಟದ ಮೇಲೆ ನಾಲ್ಕು ಸಾಲು ಬರೆದೆ: "ನವೆಂಬರ್ ೯ರ ಸಂಜೆ ಈ ಪಾಳಿಯಲ್ಲಿ ಎಂಟು ಹೆಸರು ಮುಂದೆ ಬಂದಿದ್ದವು. ಬದಲಾವಣೆ ನನ್ನ ಹೆಸರಿನಲ್ಲಿ ಆಗಿದೆ. ಕಂಪ್ಯೂಟರು ತೆರೆದು ಬಿಟ್ಟುಹೋದ ತಪ್ಪು ನನ್ನದು. ಫೀಲ್ಡ್‌ಮನ್‌ಗಳ ತಪ್ಪು ಏನೂ ಇಲ್ಲ." ಕಾಕಾನ ಹೆಸರು ಟೈಪು ಮಾಡಿದೆ, ಅಳಿಸಿದೆ. ಪ್ರಕಟಿಸಿದೆ.

ಹನ್ನೊಂದಕ್ಕೆ ಚೌಕಶಿ. ಯಂತ್ರದ ತಪ್ಪು ಎಂದು ಬರೆದ ಕಾಗದ ತಯಾರಿತ್ತು, ನನ್ನ ಸಹಿ ಒಂದು ಬಾಕಿ. ನಾನು ಪುಟ ತೆರೆದು ತೋರಿಸಿದೆ. ಎಂ.ಡಿ. ಸಾಹೇಬರು ಓದಿ ಮುಖ ಕೆಂಪಗೆ ಮಾಡಿಕೊಂಡರು. "ಬ್ಯಾರೆ ಯಾರರ ಕಂಪ್ಯೂಟರ್ ಮುಟ್ಟಿದ್ರೇನು, ಹೇಳು" ಎಂದು ಗದರಿದರು. ಕಾಕಾ ಎದುರಿಗೇ ಕೂತು ಮೇಜಿನ ಗಾಜು ನೋಡುತ್ತಿದ್ದರು. "ಮುಟ್ಟಿದವರು ಹೇಳಲಿ ರಿ" ಎಂದೆ. ಯಾರೂ ಹೇಳಲಿಲ್ಲ.

೨೦ ನವೆಂಬರ್, ಮಂಗಳವಾರ

ತೆಗೆದುಹಾಕಿದರು. ಪತ್ರ ಕೊಟ್ಟರು, ಇದಕ್ಕೆ ಸಹಿ ಇತ್ತು. ತೇಜಸ ನನ್ನ ಪಾಸ್‌ವರ್ಡು ಬಂದ್ ಮಾಡಿದ. ಅವ್ವ ಎರಡು ರೊಟ್ಟಿ ಜಾಸ್ತಿ ಬಡಿಸಿದಳು.

೨೨ ನವೆಂಬರ್, ಗುರುವಾರ

ತಡೆಯಲಾಗದೆ ಸ್ಟೇಷನ್ ರಸ್ತೆಯ ನೆಟ್ ಸೆಂಟರಿಗೆ ಹೋದೆ. ನನ್ನ ನಾಲ್ಕು ಸಾಲು ಅಳಿಸಿ, ಪಾಳಿ ತಿರುವಿ ಹಾಕಿರುತ್ತಾರೆ ಎಂದು ಗೊತ್ತಿತ್ತು. ಪುಟ ತೆರೆದರೆ ಎರಡೂ ಇದ್ದವು. ಶಂಕ್ರವ್ವ ಒಂಬತ್ತರಲ್ಲೇ ಇದ್ದಳು.

ಕಣಗಲಾಕ್ಕೆ ಫೋನು ಮಾಡಿದೆ. ಯಲ್ಲಾಲಿಂಗ ತನ್ನ ಪಾಸ್‌ವರ್ಡಿನಿಂದ ಒಳಗೆ ಹೋಗಿ 'ಹಳೆಯ ಪ್ರತಿಗಳು' ಓದಿ ಹೇಳಿದ. ಮಂಗಳವಾರ ಮೂರಕ್ಕೆ ಬದಲಾಯಿಸಿದವರು: ಆಫೀಸು. ಮೂರೂಕಾಲಿಗೆ ಮರಳಿ ತಂದವರು: ದುರ್ಗಪ್ಪ. ನಾಲ್ಕಕ್ಕೆ ಆಫೀಸು. ನಾಲ್ಕು ಹತ್ತಕ್ಕೆ ಯಲ್ಲಾಲಿಂಗ. ಬುಧವಾರ ಆಫೀಸು, ಹುಕ್ಕೇರಿಯ ಫೀಲ್ಡ್‌ಮನ್ ಯಲ್ಲಾರಿ, ಆಫೀಸು, ಮತ್ತೆ ದುರ್ಗಪ್ಪ. ಆಫೀಸು ಎಂಬ ಹೆಸರಿನಲ್ಲಿ ಒಳಗೆ ಹೋದವರು ಯಾರೆಂದು ಯಾರಿಗೂ ಗೊತ್ತಿಲ್ಲ.

"ನಿಮ್ಮನ್ನೂ ತಗದಾರು" ಎಂದೆ.

"ಹನ್ನೊಂದ ಮಂದೀನೂ ತಗದ್ರ ಹಂಗಾಮಿನ್ಯಾಗ ಹೊಲ ಯಾರ ತೋರಸ್ತಾರ್ರಿ ಅಕ್ಕಾರ? ನಮ್ಮ ಪಾಸ್‌ವರ್ಡ್ ಬಂದ್ ಮಾಡಾಕ ತೇಜಸರು ಸಹಿ ಮಾಡಿದ ಪತ್ರ ಕೇಳ್ಯಾರಂತ, ಅದನ್ನ ಕೊಡಾವ ಯಾರೂ ಇಲ್ಲ. ಪುಟ ಪ್ರಿಂಟ್ ತಗದ ಊರೂರಾಗ ಗ್ವಾಡಿಗೆ ಅಂಟಿಸೇವಿ. ಗ್ಯಾಂಗ್ ಕರಕೊಂಡ ಬರೂ ಮುಕಾದಮರೂ ಅದನ್ನ ಹಿಡಕೊಂಡಾರ."

ನಕ್ಕೆ. ಹತ್ತು ದಿನವಾಗಿತ್ತು ನಕ್ಕು.

೨೪ ನವೆಂಬರ್, ಶನಿವಾರ

ಮಧ್ಯಾಹ್ನದ ಮೇಲೆ ಕಾಕಾ ಮನೆಗೆ ಬಂದರು. ಒಂದೇ ವಾರದಲ್ಲಿ ಇಳಿದುಹೋಗಿದ್ದಾರೆ. ಪುಟ್ಟ ಸ್ಟೂಲಿನ ಮೇಲೆ ಕೂತರು.

"ಆ ಹನ್ನೊಂದ ಮಂದಿಗೆ ಒಂದ ಮಾತ ಹೇಳು. ನಿನ್ನ ಮಾತ ಕೇಳ್ತಾರ. ಇಷ್ಟಕ್ಕ ನಿಲ್ಲಿಸಿದ್ರ ಸೋಮವಾರ ನಿನ್ನ ಕೆಲಸಕ್ಕ ತಗೋತಾರ, ಪರ್ಮನೆಂಟ್." ತಮ್ಮ ಮೊಬೈಲನ್ನೇ ನನ್ನ ಕೈಗಿಟ್ಟರು.

ಅವ್ವ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಮನೆ ಬಾಡಿಗೆ, ಅವಳ ಬಿ.ಪಿ. ಗುಳಿಗೆ ಎಲ್ಲ ಕಣ್ಣ ಮುಂದೆ ಬಂತು. ದುರ್ಗಪ್ಪನ ನಂಬರು ಒತ್ತಿದೆ.

"ದುರ್ಗಪ್ಪಾ, ನಾ ಮಯೂರಿ. ಕಾಕಾ ಬಾಜೂಕ ಕುಂತಾರ. ಶಂಕ್ರವ್ವನ ಹೊಲಕ್ಕ ಗ್ಯಾಂಗ್ ಎಂದ ಇಳಿತೈತಿ?"

"ನಾಡದ ಸೋಮವಾರ ಮುಂಜಾನಿ ಏಳಕ್ಕ ರಿ."

"ನಾನೂ ಬರ್ತೇನಿ" ಎಂದು ಮೊಬೈಲು ಕಾಕಾಗೆ ತಿರುಗಿ ಕೊಟ್ಟೆ.

ಕಾಕಾ ಮೊಬೈಲನ್ನು ಜೇಬಿಗೆ ಹಾಕಿಕೊಂಡರು. ಹೊತ್ತು ಮುಳುಗಲು ಬಂದಿದೆ, ಉಂಡು ಹೋಗ್ರಿ ಎಂದು ಅವ್ವ ಕರೆದರೂ ಏಳಲಿಲ್ಲ. ಆಮೇಲೆ ಬಾಗಿಲವರೆಗೆ ಹೋಗಿ ನಿಂತರು.

"ನನ್ನ ಹೆಸರ ಯಾಕ ಬರೀಲಿಲ್ಲ ನೀ?"

"ಅಧಿಕಾರಿಗಳ ಪೈಕಿ ನಿಮಗೂ ಪಾಸ್‌ವರ್ಡ್ ಐತಿ ಕಾಕಾ. ನಂದ ಬಂದ್ ಮಾಡ್ಯಾರ, ನಿಮ್ಮದಿನ್ನೂ ಚಾಲೂ ಐತಿ. ನಿಮ್ಮ ಹೆಸರ ನೀವ ಬರೀಬಹುದು."

ಕಾಕಾ ಚಪ್ಪಲಿ ಹುಡುಕಿದರು. ಕಾಲ ಬುಡದಲ್ಲೇ ಇದ್ದವು, ಅವರಿಗೆ ಕಾಣಲಿಲ್ಲ. ನಾನೇ ಬಗ್ಗಿ ಮುಂದೆ ಇಟ್ಟೆ.